ಒಂಟಿ ಕನೂ: ಕಾಲಿಗೆ ಆಸರೆ ಎಲ್ಲಿ ಕೂರಿಸಬೇಕು?

ಸೊಂಟ ನೋಯುತ್ತಿದೆ ಎಂದರೆ ಸೀಟನ್ನು ಬೈಯುವುದು ಕನೂ ಓಡಿಸುವವರ ವಾಡಿಕೆ. ಮಿನ್ನೆಸೋಟ, ಮಿಷಿಗನ್, ಒಂಟಾರಿಯೊ ಕಡೆ ನೆಲೆಸಿದ ಕನ್ನಡಿಗರಲ್ಲೂ ಬೇಸಿಗೆ ಬಂತೆಂದರೆ ಸರೋವರಕ್ಕೆ ಇಳಿಯುವವರಿದ್ದಾರೆ. ಮೊದಮೊದಲು ಇಬ್ಬರು ಕೂರುವ ಕನೂವನ್ನು ಬಾಡಿಗೆಗೆ ಪಡೆದು ಮಕ್ಕಳೊಂದಿಗೆ ಒಂದು ಸುತ್ತು ಹಾಕುತ್ತಾರೆ. ಆಮೇಲೆ ಒಬ್ಬರೇ ಹೋಗುವ ಹುಚ್ಚು ಹತ್ತಿ, ಯಾರೋ ಮಾರುವ ಹಳೆಯ ಒಂಟಿ ಕನೂ ಮನೆಗೆ ಬರುತ್ತದೆ. ಗಂಟೆ ಹೊತ್ತು ಹುಟ್ಟು ಹಾಕುವಷ್ಟರಲ್ಲಿ ಬೆನ್ನು ಗೂನಾಗಿ, ಕೂತವರು ಸೀಟಿನ ತುದಿಗೆ ಜಾರಿರುತ್ತಾರೆ. ಸೀಟಿಗೊಂದು ದಿಂಬು, ಬೆನ್ನಿಗೊಂದು ಆನಿಕೆ. ಅದಕ್ಕೂ ಜಗ್ಗದಿದ್ದರೆ ಕಾರ್ಬನ್ ಫೈಬರಿನ ದುಬಾರಿ ಹುಟ್ಟು. ಇಷ್ಟೆಲ್ಲ ಖರ್ಚಾದರೂ ಕಾಲಿನ ಕಡೆ ಯಾರೂ ನೋಡಿರುವುದಿಲ್ಲ. ಅಲ್ಲಿ ಇರಬೇಕಾದ ಕಂಬಿಯೇ ಇರುವುದಿಲ್ಲ. ಅಥವಾ ಇದ್ದ ಕಂಬಿ ಹಿಂದಿನ ಮಾಲೀಕನ ಕಾಲಿನ ಅಳತೆಗೇ ನಿಂತಿರುತ್ತದೆ.

ಈ ಕಂಬಿಗೆ ಫುಟ್ ಬ್ರೇಸ್ ಎನ್ನುತ್ತಾರೆ. ಕೂತವರ ಪಾದದೆದುರು, ಕನೂವಿನ ಎರಡೂ ಪಕ್ಕೆಗಳ ನಡುವೆ ಅಡ್ಡಲಾಗಿ ನಿಲ್ಲುವ ಅಲ್ಯೂಮಿನಿಯಂ ಕೊಳವೆ ಅದು. ಪಕ್ಕೆಗಳ ಒಳಮೈಗೆ ತೂತುಗಳಿರುವ ಪಟ್ಟಿ ಕೂರಿಸಿ, ಬೇಕಾದ ತೂತಿಗೆ ಕಂಬಿಯನ್ನು ವಿಂಗ್ ನಟ್‌ನಿಂದ ಬಿಗಿಯುತ್ತಾರೆ. ಇಷ್ಟು ಸರಳ ವಸ್ತುವಿನ ಜಾಗ ಒಂದೆರಡು ಅಂಗುಲ ತಪ್ಪಿದರೂ ಇಡೀ ದಿನ ಹಾಳು.

ಬಾವಿಯಿಂದ ತುಂಬಿದ ಕೊಡ ಸೇದುವವರು ಕಟ್ಟೆಗೆ ಒಂದು ಕಾಲು ಕೊಟ್ಟೇ ಹಗ್ಗ ಎಳೆಯುತ್ತಾರಲ್ಲ, ಇಲ್ಲಿಯೂ ಅದೇ. ಹುಟ್ಟಿನ ಅಲಗು ನೀರನ್ನು ಕಚ್ಚಿ ಹಿಡಿದಾಗ ನೀವು ನಿಮ್ಮನ್ನೇ ಅದರತ್ತ, ಅಂದರೆ ಮುಂದಕ್ಕೆ, ಎಳೆದುಕೊಳ್ಳುತ್ತೀರಿ. ಆ ಎಳೆತ ಮೈಯಿಂದ ದೋಣಿಗೆ ದಾಟಬೇಕು. ಪಾದಕ್ಕೆ ಆಸರೆ ಇಲ್ಲದಿದ್ದರೆ ದಾಟಲು ಇರುವ ದಾರಿ ಒಂದೇ, ಸೀಟಿಗೂ ಚಡ್ಡಿಗೂ ನಡುವಿನ ಘರ್ಷಣೆ. ಅದು ಸಾಲದೆ ಮೈ ಮುಂದಕ್ಕೆ ಜಾರುತ್ತದೆ, ಜಾರದಂತೆ ತಡೆಯಲು ಸೊಂಟದ ಸ್ನಾಯುಗಳು ಹೆಣಗುತ್ತವೆ. ಆಸರೆ ಇದ್ದರೆ ಹುಟ್ಟು ಬೀಳುವ ಕಡೆಯ ಪಾದ ಕಂಬಿಯನ್ನು ಒತ್ತುತ್ತದೆ, ಸೊಂಟ ತಿರುಗುತ್ತದೆ, ತೋಳಿನ ಕೆಲಸದಲ್ಲಿ ದೊಡ್ಡ ಪಾಲನ್ನು ಬೆನ್ನು ಮತ್ತು ಕಾಲು ವಹಿಸಿಕೊಳ್ಳುತ್ತವೆ.

ಎಲ್ಲ ಒಂಟಿ ಕನೂಗಳಿಗೂ ಇದು ಬೇಕೆಂದಲ್ಲ. ಕೆನಡಾದ ಬಿಲ್ ಮೇಸನ್ (1929–1988) 1977ರಲ್ಲಿ ತೆಗೆದ ‘ಪಾತ್ ಆಫ್ ದಿ ಪ್ಯಾಡಲ್’ ಚಿತ್ರಗಳನ್ನು ನೋಡಿದವರಿಗೆ ನೆನಪಿರಬಹುದು. ಆತ ಮೊಣಕಾಲೂರಿ ಕೂತು, ದೋಣಿಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಹುಟ್ಟು ಹಾಕುತ್ತಾನೆ. ಹಾಗೆ ಕೂತವರ ಪಾದ ಸೀಟಿನ ಅಡಿಯಲ್ಲಿ ಹಿಂದಕ್ಕೆ ಚಾಚಿರುತ್ತದೆ, ಮುಂದಿನ ಕಂಬಿಯಿಂದ ಅವರಿಗೇನೂ ಆಗಬೇಕಿಲ್ಲ. ರಭಸದ ನದಿಯಲ್ಲಿ ಹೋಗುವವರೂ ಹಾಗೇ ಕೂರುತ್ತಾರೆ. ಕಂಬಿ ಬೇಕಾದುದು ಸೀಟಿನಲ್ಲಿ ಕೂತು, ಕಾಲು ಮುಂದೆ ಚಾಚಿ, ಸರೋವರಗಳಲ್ಲಿ ದೂರ ಸಾಗುವವರಿಗೆ. ಇದು ರೇಸಿನವರಿಂದ ಬಂದ ಶೈಲಿ. ಒಂದು ಕಡೆ ಆರೆಂಟು ಸಲ ಹುಟ್ಟು ಹಾಕಿ, ‘ಹಟ್’ ಎಂದು ಕೂಗಿ, ಇನ್ನೊಂದು ಕಡೆಗೆ ಬದಲಿಸುವುದು. ಮಿನ್ನೆಸೋಟದ ಜೀನ್ ಜೆನ್ಸನ್ 1971ರಲ್ಲಿ ರೂಪಿಸಿದ ಬಾಗಿದ ಹಿಡಿಯ ಹುಟ್ಟು ಈ ಶೈಲಿಯ ಜತೆಗೇ ಬೆಳೆಯಿತು. ಮಿಷಿಗನ್ನಿನ ಓಸೇಬಲ್ ನದಿಯಲ್ಲಿ 1947ರಿಂದ ನಡೆಯುತ್ತ ಬಂದಿರುವ ಮ್ಯಾರಥಾನ್ 120 ಮೈಲಿಯದು. ಅದರಲ್ಲಿ ರಾತ್ರಿಯಿಡೀ ಹುಟ್ಟು ಹಾಕುವವರಿಗೆ ಕಾಲೊತ್ತಲು ಜಾಗವಿಲ್ಲದಿದ್ದರೆ ಏನಾದೀತು, ನೀವೇ ಊಹಿಸಿ.

ಮೊದಲು ಸೀಟು, ಆಮೇಲೆ ಕಂಬಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಕನೂ ತಂದ ದಿನವೇ ಸ್ಪ್ಯಾನರ್ ಹಿಡಿದು ಕಂಬಿಯನ್ನು ಕಾಲಿಗೆ ಹೊಂದಿಸಿಬಿಡುತ್ತಾರೆ. ಮಾರನೆಯ ವಾರ ದೋಣಿಯ ಮೂತಿ ಎದ್ದು ನಿಲ್ಲುತ್ತಿದೆ ಎಂದು ಸೀಟನ್ನು ಮುಂದಕ್ಕೆ ತಳ್ಳುತ್ತಾರೆ. ಕಂಬಿಯ ಅಳತೆ ಅಲ್ಲಿಗೆ ಕೆಟ್ಟಿತು.

ಒಂಟಿ ಕನೂವಿನಲ್ಲಿ ಅತಿ ದೊಡ್ಡ ಭಾರ ನೀವೇ. ನೀವು ಎರಡು ಅಂಗುಲ ಹಿಂದೆ ಮುಂದೆ ಸರಿದರೂ ದೋಣಿ ನೀರಿನಲ್ಲಿ ಕೂರುವ ಬಗೆ ಬದಲಾಗುತ್ತದೆ. ಆದ್ದರಿಂದ ಮೊದಲು ಸಾಮಾನ್ಯವಾಗಿ ಒಯ್ಯುವಷ್ಟು ಸಾಮಾನು ತುಂಬಿಕೊಂಡು, ಗಾಳಿಯಿಲ್ಲದ ಹೊತ್ತಿನಲ್ಲಿ ಮೊಣಕಾಲುದ್ದ ನೀರಿಗೆ ಇಳಿಯಿರಿ. ಒಂದು ಲೋಟ ನೀರನ್ನು ದೋಣಿಯೊಳಗೆ ಸುರಿಯಿರಿ. ಅದು ಯಾವ ಕಡೆ ಹರಿದು ನಿಲ್ಲುತ್ತದೋ ಆ ಕಡೆ ಭಾರ ಹೆಚ್ಚು. ನೀರು ನಡುವಿನಲ್ಲೋ ನಡುವಿಗಿಂತ ತುಸು ಹಿಂದೆಯೋ ನಿಲ್ಲುವವರೆಗೆ ಸೀಟು ಸರಿಸಿ. ಸೀಟು ಸರಿಯದ ಮಾದರಿಯಾದರೆ ಸಾಮಾನಿನ ಚೀಲ ಸರಿಸಿ. ಎದುರು ಗಾಳಿಯಲ್ಲಿ ಮೂತಿ ತುಸು ಭಾರವಾಗಿರಬೇಕು, ಬೆನ್ನ ಹಿಂದಿನ ಗಾಳಿಯಲ್ಲಿ ಹಿಂತುದಿ ಭಾರವಾಗಿರಬೇಕು. ಇವೆರಡಕ್ಕೂ ಸೀಟು ಎಲ್ಲಿರಬೇಕೆಂದು ಈಗಲೇ ನೋಡಿಟ್ಟುಕೊಳ್ಳಿ. ಮುಂದೆ ಕೆಲಸಕ್ಕೆ ಬರುತ್ತದೆ.

ಸೀಟಿನ ಎತ್ತರವನ್ನೂ ಈ ಹಂತದಲ್ಲೇ ಮುಗಿಸಿಬಿಡಿ. ಎತ್ತರದ ಸೀಟಿನಿಂದ ಹುಟ್ಟಿಗೆ ಬಲ ಚೆನ್ನಾಗಿ ಸಿಗುತ್ತದೆ, ದೋಣಿ ಮಾತ್ರ ಹೊಯ್ದಾಡುತ್ತದೆ. ತಗ್ಗಿಸಿದರೆ ಸ್ಥಿರತೆ ಬರುತ್ತದೆ, ಆದರೆ ಕಾಲು ಹೆಚ್ಚು ಅಡ್ಡಕ್ಕೆ ಚಾಚಿಕೊಳ್ಳುವುದರಿಂದ ಕಂಬಿಯೂ ಸ್ವಲ್ಪ ಮುಂದಕ್ಕೆ ಹೋಗಬೇಕು.

ಅಳತೆ

ಅಳೆಯುವಾಗ ನೀರಿಗೆ ಹಾಕುವ ಚಪ್ಪಲಿ ಅಥವಾ ಬೂಟನ್ನೇ ಹಾಕಿಕೊಳ್ಳಿ. ಮಿನ್ನೆಸೋಟದಲ್ಲಿ ಮೇ ತಿಂಗಳ ನೀರು ಮರಗಟ್ಟಿಸುವಷ್ಟು ತಣ್ಣಗಿರುತ್ತದೆ, ದಪ್ಪ ಬೂಟು ಬೇಕೇ ಬೇಕು. ಆಗಸ್ಟಿನಲ್ಲಿ ತೆಳು ಚಪ್ಪಲಿ ಸಾಕು. ಅಟ್ಟೆಯ ದಪ್ಪದ ವ್ಯತ್ಯಾಸವೇ ಒಂದು ತೂತಿನಷ್ಟು ಬರಬಹುದು.

ಹುಲ್ಲಿನ ಮೇಲೆ ಕನೂ ಇಟ್ಟು, ಸೀಟಿನಲ್ಲಿ ಹಿಂದಕ್ಕೆ ಸರಿದು, ಬೆನ್ನು ನೆಟ್ಟಗಿಟ್ಟು ಕೂರಿ. ತಳದಡಿ ಕಲ್ಲು, ಬೇರು ಇಲ್ಲವೆಂದು ನೋಡಿಕೊಂಡರೆ ಒಳ್ಳೆಯದು, ತೆಳು ಕೆವ್ಲಾರ್ ತಳಕ್ಕೆ ನೆಲದ ಮೇಲೆ ನಿಮ್ಮ ಭಾರ ಇಷ್ಟವಾಗುವುದಿಲ್ಲ. ಈಗ ಎರಡೂ ಕಾಲನ್ನು ಪೂರ್ತಿ ಚಾಚಿ. ಹೆಬ್ಬೆರಳ ಬುಡದ ಉಬ್ಬು ಎಲ್ಲಿ ಬರುತ್ತದೆ ಎಂದು ಜತೆಗಿದ್ದವರಿಂದ ಪಕ್ಕೆಯ ಮೇಲೆ ಟೇಪು ಅಂಟಿಸಿ ಗುರುತು ಹಾಕಿಸಿ. ಅಲ್ಲಿಂದ ಸುಮಾರು ಎರಡರಿಂದ ಮೂರು ಅಂಗುಲ, ಅಂದರೆ 5ರಿಂದ 7.5 ಸೆಂಟಿಮೀಟರ್, ನಿಮ್ಮ ಕಡೆಗೆ ತಂದು ಇನ್ನೊಂದು ಗುರುತು ಹಾಕಿ. ಕಂಬಿಯ ಮೊದಲ ಜಾಗ ಇದು. ಮೊದಲ ಜಾಗ ಮಾತ್ರ, ಕೊನೆಯದಲ್ಲ.

ಕಾಲು ಚಾಚಿದಷ್ಟಕ್ಕೇ ಕಂಬಿ ಇಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಮೊಣಕಾಲು ನೆಟ್ಟಗಾದರೆ ತೊಡೆಯ ಹಿಂಭಾಗದ ಸ್ನಾಯು ಬಿಗಿದು ಸೊಂಟದ ಮೂಳೆಯನ್ನು ಹಿಂದಕ್ಕೆ ಜಗ್ಗುತ್ತದೆ, ಬೆನ್ನು ತಾನಾಗಿ ಗೂನಾಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಈ ಸ್ನಾಯು ಮೊದಲೇ ಬಿಗಿದಿರುತ್ತದೆ, ಅವರಿಗೆ ಮೂರು ಅಂಗುಲವೇ ಬೇಕಾಗಬಹುದು. ಅಲ್ಲದೆ ಮಡಿಚಿದ ಕಾಲಿನಲ್ಲಿ ಮಾತ್ರ ಒತ್ತಲು ಮಿಕ್ಕಿದ ಚಲನೆ ಇರುತ್ತದೆ. ಪೂರ್ತಿ ಚಾಚಿದ ಕಾಲು ಇನ್ನೆಲ್ಲಿಗೆ ಒತ್ತೀತು?

ಹಾಗೆಂದು ತೀರ ಹತ್ತಿರಕ್ಕೂ ತರಬೇಡಿ. ಎರಡರಲ್ಲಿ ಒಂದನ್ನು ಆರಿಸಲೇಬೇಕಾದರೆ ಅರ್ಧ ಅಂಗುಲ ದೂರವೇ ಮೇಲು ಎಂಬುದು ನನ್ನ ಅಭಿಪ್ರಾಯ. ದೂರವಾದರೆ ಬಲ ಸ್ವಲ್ಪ ಕಡಿಮೆಯಾದೀತು. ಹತ್ತಿರವಾದರೆ ಮೊಣಕಾಲು ಮೇಲೆದ್ದು ಹುಟ್ಟಿನ ಹಿಡಿಗೆ ತಾಗುತ್ತದೆ, ತೊಡೆ ಸೀಟಿನಿಂದ ಎದ್ದು ಭಾರವೆಲ್ಲ ಬಾಲದ ಮೂಳೆಯ ಮೇಲೆ ಬೀಳುತ್ತದೆ.

ಎತ್ತರದ ಲೆಕ್ಕ ಸುಲಭ. ಹಿಮ್ಮಡಿ ತಳಕ್ಕೆ ಊರಿರಬೇಕು, ಕಂಬಿ ಹೆಬ್ಬೆರಳ ಬುಡದ ಉಬ್ಬಿಗೆ ಸಿಗಬೇಕು. ಹೆಚ್ಚಿನವರಿಗೆ ಇದು ತಳದಿಂದ ಮೂರು ನಾಲ್ಕು ಅಂಗುಲ. ಕಂಬಿ ಪಾದದ ನಡುವಿನ ಕಮಾನಿಗೆ ಒತ್ತಿದರೆ ಅರ್ಧ ಗಂಟೆಯಲ್ಲಿ ನೋವು ಶುರು. ಬೆರಳ ತುದಿಗೆ ಬಂದರೆ ಮೀನಖಂಡ ಸೆಟೆದುಕೊಳ್ಳುತ್ತದೆ. ಇನ್ನೊಂದು ಮಾತು ಸುರಕ್ಷತೆಯದು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಬೂಟು ಕಂಬಿಯ ಅಡಿಗೆ ತೂರಿ ಸಿಕ್ಕಿಕೊಳ್ಳುವಂತಿರಬಾರದು. ದೋಣಿ ಮಗುಚಿದಾಗ ಪಾದ ತಕ್ಷಣ ಹೊರಬರಬೇಕು. ಸಂದು ಅನುಮಾನಾಸ್ಪದವಾಗಿದ್ದರೆ ಅದನ್ನು ಫೋಮ್ ತುಂಡಿನಿಂದ ಮುಚ್ಚಿಬಿಡಿ. ಬೂಟಿನ ಲೇಸು ಉದ್ದ ಬಿಟ್ಟು ಕೂರಬೇಡಿ.

ಪಾದಗಳ ನಡುವಿನ ಅಂತರವೂ ಲೆಕ್ಕಕ್ಕಿದೆ. ಜೋಡಿಸಿಟ್ಟ ಪಾದಗಳಿಂದ ಸಮತೋಲ ಸಿಗುವುದಿಲ್ಲ. ಪಾದಗಳನ್ನು ಕಂಬಿಯ ಎರಡು ತುದಿಗಳತ್ತ ಅಗಲಿಸಿ ಇಟ್ಟರೆ ಮೊಣಕಾಲುಗಳು ಪಕ್ಕೆಗಳಿಗೆ ಹತ್ತಿರವಾಗುತ್ತವೆ. ಅಲೆ ಬಂದಾಗ ಒಂದು ಮೊಣಕಾಲನ್ನು ಪಕ್ಕೆಗೆ ಒತ್ತಿ ದೋಣಿಯನ್ನು ಹತೋಟಿಗೆ ತರಬಹುದು. ನಮ್ಮವರಿಗೆ ಕಾಲು ಮಡಿಚಿ ಸೀಟಿನಡಿ ತೂರಿಸುವ ಅಥವಾ ಚಕ್ಕಳಮಕ್ಕಳ ಹಾಕುವ ಅಭ್ಯಾಸ ಬಿಡುವುದಿಲ್ಲ. ನಿಂತ ನೀರಿನಲ್ಲಿ ಚಹಾ ಕುಡಿಯುವಾಗ ಅದು ಸರಿ.

ತೂತು ಕೊರೆಯುವುದು ಕೊನೆಗೆ

ಕಂಬಿಯೇ ಇಲ್ಲದ ಕನೂವಾದರೆ ಪಟ್ಟಿಗಳನ್ನು ನೀವೇ ಕೂರಿಸಬೇಕು. ಅದಕ್ಕೆ ಮೊದಲು ಕೆಲವು ಸಲ ತಾತ್ಕಾಲಿಕ ಆಸರೆಯಲ್ಲಿ ಹೋಗಿಬನ್ನಿ. ಗುರುತಿನ ಜಾಗದಲ್ಲಿ ಗಟ್ಟಿ ಫೋಮಿನ ದಿಮ್ಮಿಯನ್ನೋ ಬಿಗಿಯಾಗಿ ಕಟ್ಟಿದ ಚೀಲವನ್ನೋ ಮುಂದಿನ ಅಡ್ಡಪಟ್ಟಿಗೆ ಆನಿಸಿ ಇಟ್ಟರೆ ಸಾಕು. ಚೀಲ ಜಾರುತ್ತದೆ, ಕಿರಿಕಿರಿ ಮಾಡುತ್ತದೆ, ಆದರೂ ನಿಮ್ಮ ಕಾಲಿಗೆ ಬೇಕಾದ ದೂರ ಎಷ್ಟೆಂದು ತಿಳಿಸಿಕೊಡುತ್ತದೆ. ಪಕ್ಕೆಗೆ ಕೊರೆದ ತೂತನ್ನು ಮುಚ್ಚುವುದು ಕಷ್ಟ, ಟೇಪು ಕೀಳುವುದು ಸುಲಭ.

ಪಟ್ಟಿ ಸುಮಾರು ಒಂದು ಅಡಿ ಉದ್ದದ್ದಿರಲಿ, ಒಂದೊಂದು ಅಂಗುಲಕ್ಕೆ ಒಂದು ತೂತು. ನಿಮ್ಮ ಗುರುತು ಪಟ್ಟಿಯ ನಡುವೆ ಬರುವಂತೆ ಇಟ್ಟರೆ ಗಿಡ್ಡ ಕಾಲಿನ ಹೆಂಡತಿಗೂ ಉದ್ದ ಕಾಲಿನ ಮಗನಿಗೂ ಅದೇ ದೋಣಿ ಸಾಕು. ಎತ್ತರವನ್ನು ಮಾತ್ರ ಮೇಲಿನ ಅಂಚಿನಿಂದ ಅಳೆಯಬೇಡಿ. ಕನೂವಿನ ಅಂಚು ಮೂತಿಯ ಕಡೆ ಮೇಲೇರುತ್ತ ಹೋಗುತ್ತದೆ, ಅದನ್ನು ನಂಬಿದರೆ ಪಟ್ಟಿಯೂ ಮೇಲೇರುತ್ತದೆ. ತಳದಿಂದ ಅಳೆಯಿರಿ. ಎರಡೂ ಪಟ್ಟಿ ಒಂದೇ ಸಾಲಿನಲ್ಲಿವೆಯೇ ಎಂದು ನೋಡಲು ಬಡಗಿಗಳ ಉಪಾಯವಿದೆ. ಸೀಟಿನ ನಟ್ಟನಡುವೆ ಒಂದು ದಾರ ಕಟ್ಟಿ, ಎಡ ಪಟ್ಟಿಯ ಮೊದಲ ತೂತಿಗೂ ಬಲ ಪಟ್ಟಿಯ ಮೊದಲ ತೂತಿಗೂ ಹಿಡಿದು ನೋಡಿ. ಎರಡೂ ಉದ್ದ ಒಂದೇ ಇರಬೇಕು. ಕಂಬಿ ಓರೆಯಾದರೆ ಕೂತವರ ಸೊಂಟವೂ ಓರೆ. ದೋಣಿ ಒಂದು ಕಡೆಗೆ ಎಳೆಯುತ್ತದೆ ಎಂದು ಗೊಣಗುವವರಲ್ಲಿ ಕೆಲವರಾದರೂ ಓರೆಯಾಗಿ ಕೂತವರೇ.

ಇನ್ನೊಂದು ತೊಡಕು ಕನೂವಿನ ಆಕಾರದ್ದು. ಮೂತಿಯ ಕಡೆಗೆ ಹೋದಂತೆ ದೋಣಿ ಕಿರಿದಾಗುತ್ತದೆ. ಕಂಬಿಯನ್ನು ನಾಲ್ಕು ತೂತು ಮುಂದಕ್ಕೆ ಸರಿಸಿದರೆ ಅದು ಉದ್ದವಾಗಿಬಿಡುತ್ತದೆ, ಬಲವಂತವಾಗಿ ತುರುಕಿದರೆ ಪಕ್ಕೆಗಳು ಹೊರಕ್ಕೆ ಉಬ್ಬುತ್ತವೆ. ಆದ್ದರಿಂದ ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಕಂಬಿ ಅಥವಾ ತುದಿಯಲ್ಲಿ ದುಂಡು ತೂತಿನ ಬದಲು ಉದ್ದನೆಯ ಸೀಳು ಇರುವ ಕಂಬಿ ಆರಿಸಿ. ಒಂದು ಅಂಗುಲ ದಪ್ಪದ ಕೊಳವೆ ಸಾಕಷ್ಟು ಗಟ್ಟಿ. ಮೇಲೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ಒದ್ದೆ ಪಾದ ಜಾರುವುದಿಲ್ಲ. ಅಂಗಡಿಯ ದುಬಾರಿ ಹೊದಿಕೆಗಿಂತ ಇದೇ ಮೇಲು.

ಬಿಗಿಯುವ ವಿಧಾನ ದೋಣಿ ಯಾವುದರಿಂದ ಮಾಡಿದ್ದು ಎಂಬುದರ ಮೇಲೆ ನಿಂತಿದೆ. ಕೆವ್ಲಾರ್ ಮತ್ತು ಫೈಬರ್‌ಗ್ಲಾಸಿಗೆ ಎಪಾಕ್ಸಿ ಅಂಟು ಹಿಡಿಯುತ್ತದೆ, ರಿವೆಟ್ಟೂ ಹೊಡೆಯಬಹುದು. ಕೆವ್ಲಾರನ್ನು ಕೊರೆಯುವಾಗ ಎಳೆಗಳು ಕೆದರಿ ಬರುತ್ತವೆ, ಎರಡೂ ಬದಿಗೆ ಟೇಪು ಅಂಟಿಸಿ, ಹಿಂದೆ ಮರದ ತುಂಡು ಕೊಟ್ಟು, ಹರಿತವಾದ ಬಿಟ್‌ನಿಂದ ಕೊರೆಯಿರಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ. ಪಾಲಿಎಥಿಲೀನ್ ದೋಣಿಗೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ, ಅಲ್ಲಿ ಬೋಲ್ಟೇ ಗತಿ. ಎಲ್ಲಿ ಕೊರೆದರೂ ತೂತು ನೀರಿನ ಮಟ್ಟಕ್ಕಿಂತ ಮೇಲಿರುವಂತೆ, ಫೋಮ್ ತುಂಬಿದ ಭಾಗಕ್ಕೆ ತಾಗದಂತೆ ನೋಡಿಕೊಳ್ಳಿ. ಫೋಮಿನೊಳಗೆ ಸೇರಿದ ನೀರು ಹೊರಬರುವುದಿಲ್ಲ. ಬೋಲ್ಟು ಸ್ಟೇನ್‌ಲೆಸ್ ಉಕ್ಕಿನದು, ಎರಡೂ ಬದಿಗೆ ಅಗಲ ವಾಷರ್. ಪಾದದ ಒತ್ತು ಸಾವಿರಾರು ಸಲ ಅದೇ ಜಾಗಕ್ಕೆ ಬೀಳುತ್ತದೆ, ಸಣ್ಣ ವಾಷರ್ ಪಕ್ಕೆಯನ್ನೇ ಕೊರೆದುಬಿಟ್ಟೀತು.

ನೀರಿನಲ್ಲಿ ಪರೀಕ್ಷೆ

ನೆಲದ ಮೇಲಿನ ಅಳತೆ ನೀರಿನಲ್ಲಿ ಸುಳ್ಳಾಗುವುದುಂಟು. ದಡದ ಹತ್ತಿರವೇ, ಲೈಫ್ ಜಾಕೆಟ್ ತೊಟ್ಟು, ಮೊದಲು ನಿಧಾನವಾಗಿ ಹತ್ತು ನಿಮಿಷ ಹುಟ್ಟು ಹಾಕಿ. ಆಮೇಲೆ ಇಪ್ಪತ್ತು ಸಲ ಪೂರ್ತಿ ಬಲ ಹಾಕಿ ಎಳೆದು, ಸೀಟಿನಲ್ಲಿ ಎಲ್ಲಿದ್ದೀರಿ ಎಂದು ನೋಡಿಕೊಳ್ಳಿ. ಮುಂದಕ್ಕೆ ಜಾರಿದ್ದರೆ ಕಂಬಿ ದೂರವಾಯಿತು. ಬೆರಳು ಚಾಚಿ ಕಂಬಿಯನ್ನು ಹುಡುಕುತ್ತಿದ್ದರೂ ಅದೇ ಅರ್ಥ. ತೊಡೆಯಡಿ ಗಾಳಿ ಆಡುತ್ತಿದ್ದರೆ, ಹುಟ್ಟು ಹಿಡಿದ ಕೈ ಮೊಣಕಾಲಿಗೆ ತಾಗಿದರೆ, ಬಾಲದ ಮೂಳೆ ಉರಿದರೆ ಹತ್ತಿರವಾಯಿತು. ಕಾಲು ಜೋಮು ಹಿಡಿದರೆ ಮಾತ್ರ ಅವಸರಪಡಬೇಡಿ, ಅದಕ್ಕೆ ಸೀಟಿನ ಮುಂದಂಚು ತೊಡೆಗೆ ಒತ್ತುವುದೂ ಕಾರಣವಿರಬಹುದು. ಒಂದು ಸಲಕ್ಕೆ ಒಂದೇ ತೂತು ಸರಿಸಿ, ಮತ್ತೆ ಹತ್ತು ನಿಮಿಷ. ಸೀಟನ್ನೂ ಕಂಬಿಯನ್ನೂ ಒಟ್ಟಿಗೆ ಸರಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಸರಿಯಾದ ಜಾಗದಲ್ಲಿ ಕಂಬಿ ಇದ್ದರೆ ಅದು ಇರುವುದೇ ಮರೆತುಹೋಗುತ್ತದೆ. ಹುಟ್ಟು ಎತ್ತಿದಾಗ ಪಾದ ಸಡಿಲ, ಎಳೆದಾಗ ಬಿಗಿ. ಸದಾ ಒತ್ತಿ ಹಿಡಿದಿರಬೇಕೆಂದಿಲ್ಲ, ಹಾಗೆ ಮಾಡಿದರೆ ಮೀನಖಂಡಕ್ಕೆ ಸೆಳೆತ ಬರುತ್ತದೆ. ಕೊನೆಗೆ, ಎದೆಮಟ್ಟ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ದೋಣಿಯನ್ನು ಬೇಕೆಂದೇ ಮಗುಚಿ. ಪಾದ ತಡೆಯಿಲ್ಲದೆ ಬಿಡಿಸಿಕೊಂಡಿತೆ? ಈ ಪರೀಕ್ಷೆ ಮಾಡದೆ ದೂರದ ನೀರಿಗೆ ಹೋಗಬೇಡಿ.

ನಡುನಡುವೆ ಮೊಣಕಾಲೂರಿ ಕೂರುವ ಅಭ್ಯಾಸವಿರುವವರು ಇನ್ನೊಂದನ್ನು ನೋಡಬೇಕು. ಸೀಟಿನಿಂದ ಇಳಿದು ಮೊಣಕಾಲೂರಿದಾಗ ಮಂಡಿ ಕಂಬಿಗೆ ಬಡಿಯಬಾರದು. ಬಡಿಯುವುದಾದರೆ ಕಂಬಿಯ ಬದಲು ಪಕ್ಕೆಗೊಂದರಂತೆ ಕಯಾಕಿನ ಪೆಡಲ್ ಹಾಕಿಸಿ. ನಡುವಿನ ಜಾಗ ಖಾಲಿ ಉಳಿಯುತ್ತದೆ.

ಚುಕ್ಕಾಣಿಯನ್ನು ಕಾಲಿನಿಂದ ತಿರುಗಿಸುವ ಕನೂಗಳ ಕತೆ ಬೇರೆ. ವರ್ಲನ್ ಕ್ರೂಗರ್ (1922–2004) ಎಂಬ ಅಮೆರಿಕನ್ 1980ರಿಂದ 1983ರವರೆಗೆ ಉತ್ತರ ಅಮೆರಿಕದಲ್ಲಿ ಸುಮಾರು 28,000 ಮೈಲಿ ಒಂಟಿ ಕನೂವಿನಲ್ಲಿ ಸುತ್ತಿದ. ಅವನ ಜತೆಗಾರ ಸ್ಟೀವ್ ಲ್ಯಾಂಡಿಕ್ ಇನ್ನೊಂದು ಕನೂವಿನಲ್ಲಿದ್ದ. ಕ್ರೂಗರ್ ವಿನ್ಯಾಸದ ಕನೂಗಳಿಗೆ ಚುಕ್ಕಾಣಿ ಇದೆ. ಇಂಥ ದೋಣಿಯಲ್ಲಿ ಒತ್ತುವ ಜಾಗವೇ ಅಲುಗಾಡುವಂತಿದ್ದರೆ ಪ್ರತಿ ಎಳೆತಕ್ಕೂ ದೋಣಿ ತಿರುಗುತ್ತದೆ. ಪಾದ ಊರಲು ಅಲುಗದ ಆಸರೆ, ಚುಕ್ಕಾಣಿಗೆ ಬೆರಳಿನಿಂದ ತಿರುಗಿಸುವ ಪ್ರತ್ಯೇಕ ಪೆಡಲ್, ಹೀಗೆ ಎರಡನ್ನೂ ಬೇರೆ ಮಾಡಿ.

ಬಾಡಿಗೆಯಾದರೆ

ಮಿನ್ನೆಸೋಟದ ಬೌಂಡರಿ ವಾಟರ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. ಅಲ್ಲಿಗೆ ಹೋಗುವವರು ಈಲಿ ಊರಿನಲ್ಲಿ ಒಂಟಿ ಕನೂವನ್ನು ಬಾಡಿಗೆಗೆ ಪಡೆಯಬಹುದು. ಕಾಯ್ದಿರಿಸುವಾಗಲೇ ಫುಟ್ ಬ್ರೇಸ್ ಇದೆಯೇ ಎಂದು ಕೇಳಿ. ದೋಣಿ ಕೈಗೆ ಬಂದ ಮೇಲೆ ದಡದಲ್ಲೇ ಸೀಟು, ಕಂಬಿ ಹೊಂದಿಸಿಕೊಳ್ಳಿ, ಸಂಕೋಚ ಬೇಡ. ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಮಗುಚಿ ಹೆಗಲ ಮೇಲೆ ಹೊತ್ತು ನಡೆಯಬೇಕಾಗುತ್ತದೆ. ಆ ಕಾಲುದಾರಿಗಳ ಉದ್ದವನ್ನು ಇಂದಿಗೂ ರಾಡ್ ಲೆಕ್ಕದಲ್ಲಿ ಹೇಳುತ್ತಾರೆ, ಒಂದು ರಾಡ್ ಎಂದರೆ 16.5 ಅಡಿ, ಹೆಚ್ಚುಕಡಿಮೆ ಒಂದು ಕನೂವಿನ ಉದ್ದ. ಹೊತ್ತು ನಡೆಯುವ ಕುಲುಕಾಟಕ್ಕೆ ವಿಂಗ್ ನಟ್ ಸಡಿಲವಾಗಿ ಪೊದೆಯಲ್ಲಿ ಬಿದ್ದುಹೋದರೆ ಹುಡುಕುವುದು ಆಗದ ಮಾತು. ಪ್ರತಿ ಸಲ ಹೊರುವ ಮೊದಲು ಕೈಯಿಂದ ಒಮ್ಮೆ ಬಿಗಿಯಿರಿ, ಜೇಬಿನಲ್ಲಿ ಎರಡು ಹೆಚ್ಚುವರಿ ನಟ್ ಇರಲಿ.

ನಮ್ಮ ಕರಾವಳಿಯಲ್ಲಿ, ಸಾಲಿಗ್ರಾಮದ ಸೀತಾ ನದಿಯ ಹಿನ್ನೀರಿನಲ್ಲೋ ಹೊನ್ನಾವರದ ಶರಾವತಿಯಲ್ಲೋ, ಬಾಡಿಗೆಗೆ ಸಿಗುವುದು ಕಯಾಕ್. ಅದರಲ್ಲಿ ಕಾಲಿಗೆ ಅಚ್ಚಿನಲ್ಲೇ ಮೂಡಿಸಿದ ಮೆಟ್ಟಿಲುಗಳೋ ಸರಿಯುವ ಪೆಡಲುಗಳೋ ಇರುತ್ತವೆ. ಅಳತೆಯ ಲೆಕ್ಕ ಇದೇ: ಚಾಚಿ ನೋಡಿ, ಒಂದು ಮೆಟ್ಟಿಲು ಹತ್ತಿರದ್ದನ್ನು ಆರಿಸಿ. ಸ್ವಂತ ಕನೂವನ್ನು ಉಪ್ಪುನೀರಿಗೆ ಇಳಿಸುವವರಿಗೆ ಒಂದು ಎಚ್ಚರಿಕೆ. ಅಲ್ಯೂಮಿನಿಯಂ ಪಟ್ಟಿಗೆ ಸ್ಟೇನ್‌ಲೆಸ್ ಬೋಲ್ಟು ತಾಗಿದ ಜಾಗದಲ್ಲಿ ಉಪ್ಪು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ, ಒಂದರೊಳಗೊಂದು ಇರುವ ಕೊಳವೆಗಳು ಮರಳು ಸೇರಿ ಕಚ್ಚಿಕೊಳ್ಳುತ್ತವೆ. ಮನೆಗೆ ಬಂದ ಕೂಡಲೇ ಸಿಹಿನೀರಿನಲ್ಲಿ ತೊಳೆದು, ಕಂಬಿ ಬಿಚ್ಚಿ ಒಣಗಿಸಿ, ಬೋಲ್ಟಿಗೆ ಗ್ರೀಸ್ ಹಚ್ಚಿ.

ಬಿಚ್ಚುವ ಮೊದಲು ನಿಮ್ಮ ತೂತಿಗೆ ಅಳಿಸದ ಮಾರ್ಕರಿನಿಂದ ಚುಕ್ಕಿ ಇಡಿ. ಎದುರು ಗಾಳಿಗೆ ಸೀಟು ಮುಂದೆ ಬಂದಾಗಿನ ತೂತಿಗೆ ಒಂದು ಬಣ್ಣ, ಬೆನ್ನ ಗಾಳಿಗೆ ಹಿಂದೆ ಸರಿದಾಗಿನದಕ್ಕೆ ಇನ್ನೊಂದು. ಸೀಟಿನ ಹಳಿಯ ಮೇಲೂ ಅದೇ ಬಣ್ಣಗಳ ಗುರುತು ಇದ್ದರೆ ಎರಡನ್ನೂ ಜೋಡಿಸಲು ಅಳತೆ ಟೇಪು ಬೇಕಾಗುವುದಿಲ್ಲ.